ಹೊಲದ ಪ್ರಶ್ನೆ: ಬೆಳಕು, ಕತ್ತಲೆ, ನೆಲದ ಸೆಳೆತ

ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಗಿಡ ಬೆಳೆಯುವ ದಿಕ್ಕು ಮತ್ತು ಹೊತ್ತಿನ ಬಗ್ಗೆ. ನಾರು (ನಾಟಿಗೆ ಬೆಳೆಸಿದ ಎಳೆ ಸಸಿ) ಸೊರಗಿ ಉದ್ದವಾಯಿತು, ಹೂ ಹೊತ್ತಿಗೆ ಬರಲಿಲ್ಲ, ಮರ ವಾಲಿತು ಎಂಬ ದೂರುಗಳು. ಗಿಡಕ್ಕೆ ಎದ್ದು ಬೇರೆ ಕಡೆ ಹೋಗಲು ಬಾರದು. ಬೆಳಕು, ಕತ್ತಲೆಯ ಉದ್ದ, ನೆಲದ ಸೆಳೆತ, ಮೈಗೆ ತಾಕಿದ ವಸ್ತು ಇವನ್ನು ಗುರುತಿಸಿ ತನ್ನ ಬೆಳವಣಿಗೆಯನ್ನೇ ಬದಲಿಸಿಕೊಳ್ಳುತ್ತದೆ. ಒಮ್ಮೆ ಬೆಳೆದು ಬಲಿತ ಭಾಗವನ್ನು ಹಿಂದಕ್ಕೆ ತರಲು ಅದಕ್ಕೂ ಆಗದು, ನಮಗೂ ಆಗದು. ಹಾಗಾಗಿ ಏನು ಮಾಡಬೇಕು ಎಂಬುದರ ಜೊತೆಗೆ ಯಾವ ದಿನದೊಳಗೆ ಮಾಡಬೇಕು ಎಂಬುದನ್ನೂ ಬರೆದಿದ್ದೇವೆ.

ಪ್ರಶ್ನೆ: ಮನೆ ಹತ್ತಿರವೇ ನೆರಳು ಪರದೆ ಕಟ್ಟಿ 40 ಪ್ರೋಟ್ರೇಗಳಲ್ಲಿ (ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ) ಟೊಮೆಟೊ ನಾರು ಬೆಳೆಸಿದೆವು. 20 ದಿನಕ್ಕೇ ಒಂದು ಗೇಣು ಉದ್ದ ಬಂದು, ಕಾಂಡ ತೆಳ್ಳಗಾಗಿ, ನೀರು ಹಾಕಿದರೆ ಮಲಗುತ್ತಿದೆ. ಗೊಬ್ಬರ ಕಡಿಮೆಯಾಯಿತೇ? ಈ ನಾರು ನಾಟಿಗೆ ಆಗುತ್ತದೆಯೇ?
– ಓದುಗರೊಬ್ಬರು, ಮಾಲೂರು ತಾಲ್ಲೂಕು

ಉತ್ತರ: ಗೊಬ್ಬರ ಕಡಿಮೆಯಾಗಿಲ್ಲ. ಈಗ 19:19:19 ಅಥವಾ ಯೂರಿಯಾ ಕೊಟ್ಟರೆ ಇನ್ನಷ್ಟು ಉದ್ದವಾಗಿ ಬೀಳುತ್ತದೆ, ದಯವಿಟ್ಟು ಕೊಡಬೇಡಿ. ನಿಮ್ಮ ನಾರು ಬೆಳಕು ಹುಡುಕಿಕೊಂಡು ಎದ್ದಿದೆ.

ತಪ್ಪು ಸಾಮಾನ್ಯವಾಗಿ ಮೂರು ಕಡೆ ಆಗುತ್ತದೆ. ಮೊದಲನೆಯದು ಮೊಳಕೆಯ ದಿನ. ಬೀಜ ಹಾಕಿದ ಟ್ರೇಗಳನ್ನು ಒಂದರ ಮೇಲೊಂದು ಜೋಡಿಸಿ ಪ್ಲಾಸ್ಟಿಕ್ ಹಾಳೆ ಹೊದಿಸುತ್ತೇವೆ. 3ನೇ ದಿನದಿಂದ ದಿನಕ್ಕೆರಡು ಸಲ ಹಾಳೆ ಎತ್ತಿ ನೋಡಬೇಕು. ಅಲ್ಲೊಂದು ಇಲ್ಲೊಂದು ಮೊಳಕೆ ಬೆನ್ನು ಬಾಗಿಸಿ ಮಣ್ಣಿನಿಂದ ಎದ್ದದ್ದು ಕಂಡ ಕೂಡಲೇ ಎಲ್ಲ ಟ್ರೇಗಳನ್ನೂ ಬೆಳಕಿಗೆ ಹರಡಬೇಕು. ಎಲ್ಲವೂ ಮೊಳೆಯಲಿ ಎಂದು ಒಂದು ದಿನ ಹೆಚ್ಚು ಕಾದರೂ ಕತ್ತಲಲ್ಲಿ ಬಿಳಿಚಿಕೊಂಡ ಕಾಂಡ ಬೆರಳುದ್ದ ಏಳುತ್ತದೆ. ಆ ಉದ್ದ ಮತ್ತೆ ಕುಗ್ಗುವುದಿಲ್ಲ.

ಎರಡನೆಯದು ಪರದೆ. ಟೊಮೆಟೊಗೆ ನೂರಕ್ಕೆ 50 ಭಾಗದ ನೆರಳು ಸಾಕು. 75 ಭಾಗದ್ದು ಹಾಕಿದರೆ, ಅಥವಾ ಮೋಡದ ದಿನಗಳಲ್ಲೂ ಪರದೆ ಸರಿಸದೆ ಬಿಟ್ಟರೆ ನಾರು ಸೊರಗುತ್ತದೆ. ಕಪ್ಪು ಪರದೆ ಎಲ್ಲ ಬಣ್ಣದ ಬೆಳಕನ್ನೂ ಒಂದೇ ಅಳತೆಯಲ್ಲಿ ತಗ್ಗಿಸುತ್ತದೆ. ಹಸಿರು ಪರದೆ ಗಿಡಕ್ಕೆ ಹೆಚ್ಚು ಬೇಕಾದ ಕೆಂಪನ್ನೇ ಹೆಚ್ಚು ತಡೆಯುತ್ತದೆ. ಹೊಸದಾಗಿ ಕೊಳ್ಳುವುದಾದರೆ ಕಪ್ಪು ಅಥವಾ ಬಿಳಿ ಕೊಳ್ಳಿ.

ಮೂರನೆಯದು ಒತ್ತೊತ್ತಾದ ನಾರು. ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಕಡುಗೆಂಪು ಬೆಳಕನ್ನು ಆಚೆ ಬಿಡುತ್ತದೆ. ಬಯಲ ಬಿಸಿಲಲ್ಲಿ ಇವೆರಡೂ ಹೆಚ್ಚುಕಡಿಮೆ ಸಮ. ದಟ್ಟ ಎಲೆಗಳ ಕೆಳಗೆ ಕೆಂಪು ಬೆಳಕು ಕಡುಗೆಂಪಿನ ಹತ್ತರಲ್ಲಿ ಒಂದೆರಡು ಪಾಲಿಗೆ ಇಳಿಯುತ್ತದೆ. ಗಿಡದಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಈ ವ್ಯತ್ಯಾಸವನ್ನು ಅಳೆದು ಪಕ್ಕದಲ್ಲಿ ಪೈಪೋಟಿಗೆ ಇನ್ನೊಂದು ಗಿಡವಿದೆ ಎಂದು ತಿಳಿಯುತ್ತದೆ. ನೆರಳು ಬೀಳುವ ಮೊದಲೇ, ಪಕ್ಕದ ಎಲೆಯಿಂದ ಚಿಮ್ಮಿ ಬಂದ ಬೆಳಕಿನಿಂದಲೇ ಅದಕ್ಕೆ ಗೊತ್ತಾಗುತ್ತದೆ. ಕೂಡಲೇ ಎಲೆಗೆ, ಬೇರಿಗೆ ಹೋಗಬೇಕಾದ ಆಹಾರವನ್ನು ಕಾಂಡದ ಉದ್ದಕ್ಕೆ ಹಾಕುತ್ತದೆ. 15ನೇ ದಿನದ ಹೊತ್ತಿಗೆ ಟ್ರೇಗಳ ನಡುವೆ ಒಂದು ಅಂಗೈ ಅಗಲ ಜಾಗ ಬಿಡಿ. ಮಧ್ಯದ ಟ್ರೇಗಳನ್ನು ಅಂಚಿಗೂ ಅಂಚಿನವನ್ನು ಮಧ್ಯಕ್ಕೂ ಮೂರು ದಿನಕ್ಕೊಮ್ಮೆ ಬದಲಿಸಿ.

ಕಾಸು ಖರ್ಚಿಲ್ಲದ ಇನ್ನೊಂದು ಉಪಾಯವೂ ಇದೆ. ಎರಡು ನಿಜ ಎಲೆ (ಬೀಜದ ಎಲೆಗಳ ನಂತರ ಬರುವವು) ಬಂದ ಮೇಲೆ, ದಿನಕ್ಕೊಮ್ಮೆ ಹಗುರವಾದ ಪಿ.ವಿ.ಸಿ. ಪೈಪನ್ನು ನಾರಿನ ತುದಿ ಬಾಗುವಷ್ಟು ಮಾತ್ರ ತಾಕಿಸಿ 10ರಿಂದ 20 ಸಲ ಹಿಂದೆ ಮುಂದೆ ಆಡಿಸಿ. ಗಾಳಿಗೆ ತೊನೆದ ಗಿಡದಂತೆ ನಾರು ಕುಳ್ಳಗೆ, ಕಾಂಡ ದಪ್ಪಗೆ ಆಗುತ್ತದೆ. ಎಲೆ ಒಣಗಿದ್ದಾಗ ಮಾತ್ರ ಮಾಡಿ. ಒದ್ದೆ ಎಲೆಯ ಮೇಲೆ ಮಾಡಿದರೆ ಚುಕ್ಕೆ ರೋಗ ಟ್ರೇಯಿಂದ ಟ್ರೇಗೆ ಹೋಗುತ್ತದೆ. ಮೊಸಾಯಿಕ್ ನಂಜು (ವೈರಸ್) ಮುಟ್ಟಿದ ಕೈಯಿಂದಲೂ ಹರಡುವುದರಿಂದ ಪೈಪನ್ನು ಸೋಪು ನೀರಿನಲ್ಲಿ ತೊಳೆದಿರಬೇಕು. ದೊಣ್ಣೆಮೆಣಸಿನ ನಾರಿಗೆ ಇದು ಬೇಡ, ಅದರ ಎಲೆ ಹರಿಯುತ್ತದೆ.

ಈಗಿರುವ ನಾರನ್ನು ಎಸೆಯಬೇಡಿ. ಟೊಮೆಟೊ ಕಾಂಡ ಮಣ್ಣಿಗೆ ತಾಗಿದ ಕಡೆಯೆಲ್ಲ ಬೇರು ಬಿಡುತ್ತದೆ. 4–5 ದಿನ ಪರದೆ ತೆಗೆದು, ಬೆಳಿಗ್ಗೆ ಮಾತ್ರ ನೀರು ಕೊಟ್ಟು ಹದ ಮಾಡಿ. 25ರಿಂದ 28 ದಿನದೊಳಗೆ ನಾಟಿ ಮುಗಿಸಿ. ಬುಡದ ಎರಡು ಎಲೆ ಚಿವುಟಿ, ಕಾಂಡವನ್ನು ಓರೆಯಾಗಿ ಮಲಗಿಸಿ, ಮೊದಲ ನಿಜ ಎಲೆಯ ಕೆಳಗಿನವರೆಗೂ ಮಣ್ಣು ಮುಚ್ಚಿ. ತುದಿ ಒಂದೆರಡು ದಿನದಲ್ಲಿ ತಾನಾಗಿ ನೆಟ್ಟಗಾಗುತ್ತದೆ. ಸಂಜೆ ಹೊತ್ತು ನಾಟಿ ಮಾಡಿ, ಮಣ್ಣಿಗೆ ಹೊದಿಸಿದ ಮಲ್ಚಿಂಗ್ ಹಾಳೆಯ ಬಿಸಿ ಅಂಚು ಕಾಂಡಕ್ಕೆ ತಾಗದಂತೆ ತೂತಿನ ಸುತ್ತ ಹಿಡಿ ಮಣ್ಣು ಹಾಕಿ. ಕಸಿ ಮಾಡಿದ ನಾರಾದರೆ ಮಾತ್ರ ಹೀಗೆ ಹೂಳಬಾರದು. ಕಸಿಯ ಗಂಟು ಮಣ್ಣಿನ ಮೇಲೇ ಇರಬೇಕು, ಇಲ್ಲದಿದ್ದರೆ ಮೇಲಿನ ತಳಿಯೇ ಬೇರು ಬಿಟ್ಟು ಕಸಿ ಮಾಡಿದ್ದು ವ್ಯರ್ಥವಾಗುತ್ತದೆ.

ಪ್ರಶ್ನೆ: ಅರ್ಧ ಎಕರೆ ಸೇವಂತಿಗೆಗೆ ಸಂಜೆ 6ರಿಂದ 10 ಗಂಟೆವರೆಗೆ ಬಲ್ಬು ಹಾಕುತ್ತೇವೆ. ಕರೆಂಟು ಹೋಗಿ ಬಂದು ಮಾಡುತ್ತದೆ. ಅಲ್ಲಲ್ಲಿ ಗಿಡ ಎತ್ತರ ಬರುವ ಮೊದಲೇ ಮೊಗ್ಗು ಕಟ್ಟಿದೆ. ಇನ್ನೊಂದು ವಿಚಿತ್ರ: ಬಲ್ಬು ನಿಲ್ಲಿಸಿ ಎರಡು ತಿಂಗಳಾದರೂ ಬೀದಿದೀಪದ ಪಕ್ಕದ ಎರಡು ಸಾಲು ಹೂ ಬಿಟ್ಟೇ ಇಲ್ಲ. ಗಿಡ ಮಾತ್ರ ಚೆನ್ನಾಗಿ ಬೆಳೆದಿದೆ.
– ಹೂ ಬೆಳೆಗಾರರು, ಚಿಕ್ಕಬಳ್ಳಾಪುರ

ಉತ್ತರ: ನಿಮ್ಮ ಎರಡು ತೊಂದರೆಗಳಿಗೂ ಕಾರಣ ಒಂದೇ. ಸೇವಂತಿಗೆ ಹಗಲನ್ನು ಎಣಿಸುವುದಿಲ್ಲ, ಎಡೆಬಿಡದ ಕತ್ತಲೆಯನ್ನು ಎಣಿಸುತ್ತದೆ. ಸತತ ಕತ್ತಲೆ ಸುಮಾರು ಹತ್ತೂವರೆ ಗಂಟೆ ದಾಟಿದ ರಾತ್ರಿಗಳು ಸಾಲಾಗಿ ಬಂದರೆ ಮೊಗ್ಗು, ದಾಟದಿದ್ದರೆ ಬರೀ ಎಲೆ ಮತ್ತು ಕಾಂಡ. ತಳಿಗೆ ತಕ್ಕಂತೆ ಈ ಅಳತೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. ಹಗಲು ರಾತ್ರಿಯ ಉದ್ದಕ್ಕೂ ಹೂವಿಗೂ ಇರುವ ಈ ನಂಟನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ತಂಬಾಕು, ಸೋಯಾ ಬೆಳೆಗಳಲ್ಲಿ ತೋರಿಸಿಕೊಟ್ಟರು.

ನಮ್ಮ ಕಡೆ ಜೂನ್ ತಿಂಗಳ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಅಂದರೆ ರಾತ್ರಿ ಯಾವಾಗಲೂ 11 ಗಂಟೆಗಿಂತ ಹೆಚ್ಚು. ಡಿಸೆಂಬರಿನಲ್ಲಿ ಹನ್ನೆರಡೂವರೆ ಗಂಟೆಯೂ ದಾಟುತ್ತದೆ. ಆದ್ದರಿಂದ ಇಲ್ಲಿ ಸೇವಂತಿಗೆಗೆ ವರ್ಷವಿಡೀ ಹೂ ಬಿಡುವ ಕಾಲವೇ. ಬಲ್ಬು ಹಾಕದಿದ್ದರೆ ಗೇಣುದ್ದದ ಗಿಡದಲ್ಲೇ ಮೊಗ್ಗು ಕಾಣುತ್ತದೆ. ನೀವು ಬಲ್ಬು ಹಾಕುವುದು ಹೂ ತರಿಸಲು ಅಲ್ಲ, ತಡೆದು ನಿಲ್ಲಿಸಲು.

ಸಂಜೆ 6ರಿಂದ 10ರವರೆಗೆ ದೀಪ ಪೂರ್ತಿ ಉರಿದರೆ ಡಿಸೆಂಬರಿನಲ್ಲಿ ಉಳಿಯುವ ಕತ್ತಲೆ ಎಂಟೂವರೆ ಗಂಟೆ. ಲೆಕ್ಕ ಸರಿಯಿದೆ. ಆದರೆ 8 ಗಂಟೆಗೆ ಕರೆಂಟು ಹೋಗಿ ಮತ್ತೆ ಬರದಿದ್ದರೆ ಕತ್ತಲೆ ಹತ್ತೂವರೆ ಗಂಟೆಯಾಗುತ್ತದೆ. ಹೀಗೆ ಕೆಲವು ರಾತ್ರಿ ಸಾಲಾಗಿ ಆದರೆ ಗಿಡ ಮೊಗ್ಗಿಗೆ ತಿರುಗುತ್ತದೆ. ಅದರ ಬದಲು ರಾತ್ರಿ ಹತ್ತೂವರೆಯಿಂದ ಎರಡೂವರೆಯವರೆಗೆ ಹಾಕಿ. ಆಗ ಕತ್ತಲೆ ಎರಡು ತುಂಡಾಗುತ್ತದೆ, ಯಾವ ತುಂಡೂ 5 ಗಂಟೆ ದಾಟುವುದಿಲ್ಲ. ನಡುವೆ ಎರಡು ಗಂಟೆ ಕರೆಂಟು ಹೋದರೂ 7 ಗಂಟೆಯೊಳಗೇ ಉಳಿಯುತ್ತದೆ. ಸಮಯ ಬದಲಿಸುವುದರಿಂದ ಒಂದು ಯೂನಿಟ್ಟೂ ಹೆಚ್ಚು ಸುಡುವುದಿಲ್ಲ.

ಎಷ್ಟು ಬೆಳಕು ಬೇಕು? ಗಿಡದ ತುದಿಯಲ್ಲಿ 100 ಲಕ್ಸ್ (ಬೆಳಕಿನ ಅಳತೆ) ಇದ್ದರೆ ಸಾಕು. ಮೊಬೈಲಿನ ಲಕ್ಸ್ ಅಳೆಯುವ ಆ್ಯಪ್ ಅಂದಾಜಿಗೆ ಸಾಕಾಗುತ್ತದೆ. ನಾಲ್ಕು ಬಲ್ಬುಗಳ ನಟ್ಟನಡುವೆ, ಅಂದರೆ ಅತಿ ಮಬ್ಬಾದ ಜಾಗದಲ್ಲಿ ಅಳೆಯಿರಿ. 9 ವಾಟಿನ ಎಲ್.ಇ.ಡಿ. ಬಲ್ಬನ್ನು ಗಿಡದ ತುದಿಯಿಂದ 5 ಅಡಿ ಎತ್ತರದಲ್ಲಿ, 8 ಅಡಿಗೊಂದರಂತೆ ಎರಡೂ ದಿಕ್ಕಿಗೆ ಕಟ್ಟಿದರೆ ಹತ್ತಿರ ಹತ್ತಿರ ಅಷ್ಟು ಸಿಗುತ್ತದೆ. ಅರ್ಧ ಎಕರೆಗೆ ಸುಮಾರು 340 ಬಲ್ಬು, 3 ಕಿಲೋವಾಟ್, 4 ಗಂಟೆಗೆ 12 ಯೂನಿಟ್. ಬಿಳಿ ನೀಲಿ ಛಾಯೆಯ ಬಲ್ಬಿಗಿಂತ ಹಳದಿ ಛಾಯೆಯ ಬೆಚ್ಚನೆ ಬಿಳಿ ಬಲ್ಬು ಆರಿಸಿ. ಫೈಟೋಕ್ರೋಮನ್ನು ಎಬ್ಬಿಸುವುದು ಕೆಂಪು ಬೆಳಕು, ಅದು ಹಳದಿ ಛಾಯೆಯಲ್ಲಿ ಹೆಚ್ಚಿರುತ್ತದೆ. ಟೈಮರ್ ಹಾಕಿ 10 ನಿಮಿಷ ಉರಿದು 20 ನಿಮಿಷ ಆರುವಂತೆ ಮಾಡಿದರೂ ಕೆಲಸ ನಡೆಯುತ್ತದೆ, ಖರ್ಚು ಮೂರರಲ್ಲೊಂದಾಗುತ್ತದೆ. ಮೊದಲ ಸಲ ಒಂದು ಮಡಿಯಲ್ಲಿ ಮಾತ್ರ ಪರೀಕ್ಷಿಸಿ ನೋಡಿ.

ಅಲ್ಲಲ್ಲಿ ಮಾತ್ರ ಮೊಗ್ಗು ಬಂದಿದೆ ಎಂದಿದ್ದೀರಿ. ಆ ಗಿಡಗಳ ಮೇಲಿನ ಬಲ್ಬು ನೋಡಿ. ಸುಟ್ಟಿರುತ್ತದೆ, ಇಲ್ಲವೇ ಧೂಳು, ಹುಳು ಮೆತ್ತಿ ಮಬ್ಬಾಗಿರುತ್ತದೆ. ಹೊಲದ ಅಂಚಿನ ಸಾಲುಗಳಿಗೂ ಒಂದೇ ಕಡೆಯಿಂದ ಬೆಳಕು ಬೀಳುವುದರಿಂದ ಕೊರತೆಯಾಗುತ್ತದೆ. ಕಡೆಯ ಬಲ್ಬಿನ ಸಾಲು ಕಡೆಯ ಗಿಡದ ಸಾಲಿನ ನೇರಕ್ಕೆ ಇರಲಿ. ವಾರಕ್ಕೊಮ್ಮೆ ಬಲ್ಬು ಒರೆಸಿ. ಒದ್ದೆ ನೆಲದಲ್ಲಿ ಓಡಾಡುವ ಕೆಲಸ ಇದು: ತೇಪೆ ಹಾಕಿದ ವೈರು ಬೇಡ, ಕರೆಂಟು ಸೋರಿದರೆ ತಾನಾಗಿ ಆರುವ ಸ್ವಿಚ್ಚು ಇರಲೇಬೇಕು.

ಬೀದಿದೀಪದ ಪಕ್ಕದ ಸಾಲುಗಳಿಗೆ ನಿಮಗೆ ಗೊತ್ತಿಲ್ಲದೆಯೇ ರಾತ್ರಿಯಿಡೀ ಬೆಳಕು ಬೀಳುತ್ತಿದೆ. ಆ ಕಡೆಗೆ ಕಪ್ಪು ಹಾಳೆಯ ತಡಿಕೆ ನಿಲ್ಲಿಸಿ, ಇಲ್ಲವೇ ಅಲ್ಲಿ ಚೆಂಡುಹೂವನ್ನೋ ತರಕಾರಿಯನ್ನೋ ಹಾಕಿ.

ಹಬ್ಬಕ್ಕೆ ಹೂ ಬೇಕಾದರೆ ಹಿಂದಿನಿಂದ ಲೆಕ್ಕ ಹಾಕಿ. ದೀಪ ನಿಲ್ಲಿಸಿದ ಮೇಲೆ ಮೂರರಿಂದ ನಾಲ್ಕು ವಾರಕ್ಕೆ ಮೊಗ್ಗು ಕಣ್ಣಿಗೆ ಬೀಳುತ್ತದೆ. ಕೊಯ್ಲಿಗೆ ತಳಿಯ ಪ್ರಕಾರ 7ರಿಂದ 10 ವಾರ ಬೇಕು. ಆಯುಧಪೂಜೆಗೆ 9 ವಾರ ಮೊದಲು ಆರಿಸಬೇಕೆಂದರೆ, ಅದಕ್ಕೂ 5–6 ವಾರ ಮೊದಲು ನಾಟಿಯಾಗಿ, ಗಿಡ ಒಂದಡಿ ಎತ್ತರ ಬಂದಿರಬೇಕು. ಬೇಸಿಗೆಯ ಸೆಕೆ ರಾತ್ರಿಗಳಲ್ಲಿ ಮೊಗ್ಗು ತಡವಾಗುತ್ತದೆ, ಆಗ ಒಂದು ವಾರ ಹೆಚ್ಚು ಹಿಡಿಯಿರಿ.

ಪ್ರಶ್ನೆ: ಬೋರ್‌ವೆಲ್ ನೀರಿದೆ ಎಂದು ಫೆಬ್ರವರಿಯಲ್ಲಿ ನಾಟಿ ಅವರೆ ಬಿತ್ತಿದೆ. ಬಳ್ಳಿ ಬೇಲಿ ಮುಚ್ಚಿಕೊಂಡು ಬೆಳೆದಿದೆ, ಹೂವಿನ ಸುಳಿವಿಲ್ಲ. ಹೂ ಬರಲು ಔಷಧಿ ಹೊಡೆಯಬೇಕೇ?
– ಓದುಗರು, ಚಿಂತಾಮಣಿ

ಉತ್ತರ: ಔಷಧಿ ಬೇಡ. ನಮ್ಮ ಹಳೆಯ ಅವರೆಯೂ ಸೇವಂತಿಗೆಯಂತೆ ಉದ್ದನೆಯ ರಾತ್ರಿಗೆ ಕಾಯುವ ಬೆಳೆ. ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ (ರಾಗಿಯ ನಡುವೆ ಬಿಡುವ ಬೇರೆ ಬೆಳೆಯ ಸಾಲು) ಜೂನ್‌ನಲ್ಲಿ ಹಾಕಿದರೂ ಆಗಸ್ಟಿನಲ್ಲಿ ಹಾಕಿದರೂ ಹೂ ಕಾಣುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಮಳೆ ಹಿಂದೆ ಸರಿದು ಚಳಿ ಹತ್ತಿರವಾದಾಗ. ಚಿಂತಾಮಣಿಯಲ್ಲಿ ಡಿಸೆಂಬರಿನ ಹಗಲಿಗೂ ಜೂನಿನ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೇ. ಅಷ್ಟನ್ನೂ ಈ ಬಳ್ಳಿ ಅಳೆದು ನೋಡುತ್ತದೆ. ನೀವು ಬಿತ್ತಿದ ಮೇಲೆ ಹಗಲು ದಿನದಿಂದ ದಿನಕ್ಕೆ ಹೆಚ್ಚುತ್ತಾ ಹೋಯಿತು.

ಬೇಲಿಗೆ ಹಬ್ಬಿದ್ದನ್ನು ಉಳಿಸಿಕೊಂಡರೆ ಹಿಂಗಾರಿನಲ್ಲಿ ಹೂ ಬಿಡುತ್ತದೆ, ಸಾರಜನಕದ ಗೊಬ್ಬರ ಮಾತ್ರ ಕೊಡಬೇಡಿ. ಹೊಲದಲ್ಲಿರುವುದನ್ನು ಕೊಯ್ದು ದನಕ್ಕೆ ಹಾಕಿ ಅಥವಾ ಮಣ್ಣಿಗೆ ಸೇರಿಸಿ. ಬೇಸಿಗೆಗೂ ಅವರೆ ಬೇಕೆಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಅಥವಾ ಹೆಬ್ಬಾಳ ಅವರೆ-4 ಬಿತ್ತಿ. ಇವು ಹಗಲಿನ ಉದ್ದ ನೋಡದೆ, ವಯಸ್ಸಾದ ಕೂಡಲೇ ಹೂ ಬಿಡುವ ಪೊದೆ ತಳಿಗಳು. ಚಳಿಗಾಲದ ನಾಟಿ ಅವರೆಯ ಸೊಗಡು ಮಾತ್ರ ಇವುಗಳಲ್ಲಿ ಅಷ್ಟು ಇಲ್ಲ, ಆ ಆಸೆಗೆ ಡಿಸೆಂಬರ್ ತನಕ ಕಾಯಲೇಬೇಕು.

ಈರುಳ್ಳಿಗೂ ಇದೇ ಮಾತು, ಆದರೆ ತಿರುಗುಮುರುಗು: ಗಡ್ಡೆ ಕಟ್ಟಲು ಅದಕ್ಕೆ ಹಗಲು ಒಂದು ಮಿತಿ ದಾಟಬೇಕು. ನಿಮ್ಮ ಕಡೆಯ ಗುಲಾಬಿ ಈರುಳ್ಳಿಗೆ ನಮ್ಮ ಹಗಲೇ ಸಾಕು. ದೂರದ ತಂಪು ದೇಶಗಳ ಬೀಜ ತಂದು ಹಾಕಿದರೆ ಕೊನೆಯವರೆಗೂ ತಾಳೇ ಉಳಿಯುತ್ತದೆ.

ಪ್ರಶ್ನೆ: ಕಡಲೆಕಾಯಿ ಗಿಡ ಹುಲುಸಾಗಿತ್ತು, ಹೂವೂ ತುಂಬ ಇತ್ತು. ಕಿತ್ತಾಗ ಬುಡದಲ್ಲಿ ನಾಲ್ಕಾರು ಕಾಯಿ, ಅದರಲ್ಲೂ ಜೊಳ್ಳು ಹೆಚ್ಚು. ಗಿಡದ ಮೇಲೆ ಒಣಗಿದ ಸೂಜಿಯಂಥವು ನೇತಾಡುತ್ತಿದ್ದವು. ಏನು ತಪ್ಪಾಯಿತು?
– ರೈತ ಮಹಿಳೆ, ಪಾವಗಡ ತಾಲ್ಲೂಕು

ಉತ್ತರ: ಆ ಒಣಗಿದ ಸೂಜಿಗಳೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ. ಕಡಲೆಕಾಯಿಯ ಹೂ ಮಣ್ಣಿನ ಮೇಲೆ ಅರಳಿ ಕಾಯಿ ಮಣ್ಣಿನ ಒಳಗೆ ಆಗುತ್ತದೆ. ಹೂ ಫಲಿಸಿದ ಮೇಲೆ ಅದರ ಬುಡದಿಂದ ಸೂಜಿಯಂಥ ತೊಟ್ಟು ಹೊರಟು ನೆಲದ ಸೆಳೆತವನ್ನು ಅನುಸರಿಸಿ ನೇರ ಕೆಳಗೆ ಬೆಳೆಯುತ್ತದೆ. ಎಳೆ ಬೀಜ ಇರುವುದು ಆ ಸೂಜಿಯ ತುದಿಯಲ್ಲಿ. ಮಣ್ಣನ್ನು ಹೊಕ್ಕು 4ರಿಂದ 7 ಸೆಂಟಿಮೀಟರ್ ಇಳಿದ ಮೇಲೆ ಅಡ್ಡಕ್ಕೆ ತಿರುಗಿ ಕಾಯಿ ಉಬ್ಬುತ್ತದೆ. ಅದಕ್ಕೆ ಕತ್ತಲೆಯೂ ಬೇಕು, ಸುತ್ತ ಮಣ್ಣಿನ ಒತ್ತಡವೂ ಬೇಕು. ಬೆಳಕಿನಲ್ಲೇ ಉಳಿದ ಸೂಜಿ ಎಷ್ಟು ಉದ್ದವಾದರೂ ಕಾಯಾಗುವುದಿಲ್ಲ.

ನೆಲದಿಂದ ಒಂದು ಗೇಣು ಮೇಲೆ ಬಿಟ್ಟ ಹೂವಿನ ಸೂಜಿ ಮಣ್ಣು ಮುಟ್ಟುವ ಮೊದಲೇ ಒಣಗುತ್ತದೆ. ಕೆಳಗಿನ ಸೂಜಿಗಳೂ ಕೆಂಪು ಮಣ್ಣು ಮೇಲೆ ಹೆಪ್ಪುಗಟ್ಟಿದ್ದರೆ ಒಳಹೋಗಲಾರವು. ಆದ್ದರಿಂದ ಬಿತ್ತಿದ 35ರಿಂದ 40 ದಿನದೊಳಗೆ, ಹದ ಇರುವಾಗ ಕುಂಟೆ ಹೊಡೆದು ಗಿಡದ ಬುಡಕ್ಕೆ ಮಣ್ಣು ಏರಿಸಿ. 45 ದಿನದ ನಂತರ ಕುಂಟೆಯಾಗಲಿ ಕುರುಪಿಯಾಗಲಿ ಬುಡಕ್ಕೆ ತಾಗಬಾರದು. ಇಳಿದ ಸೂಜಿ ಒಮ್ಮೆ ಕಿತ್ತು ಬಂದರೆ ಮತ್ತೆ ನಾಟಿಕೊಳ್ಳುವುದಿಲ್ಲ. ಕಳೆ ಉಳಿದಿದ್ದರೆ ಕೈಯಲ್ಲಿ ಮೆಲ್ಲಗೆ ಕೀಳಿ. ಒಂದೇ ಒಂದು ನೀರು ಕೊಡುವ ಅನುಕೂಲವಿದ್ದರೆ ಅದನ್ನು ಸೂಜಿ ಇಳಿಯುವ ಈ ಹೊತ್ತಿಗೇ ಇಟ್ಟುಕೊಳ್ಳಿ.

ಜೊಳ್ಳಿನ ಕಾರಣ ಬೇರೆ. ಕಾಳು ತುಂಬಲು ಸುಣ್ಣದ ಅಂಶ (ಕ್ಯಾಲ್ಸಿಯಂ) ಬೇಕು. ಬೇರು ಹೀರಿದ ಸುಣ್ಣ ನೀರಿನ ಜೊತೆ ಮೇಲಕ್ಕೆ, ಆವಿ ಬಿಡುವ ಎಲೆಗೆ ಹೋಗುತ್ತದೆ. ಅಲ್ಲಿಂದ ಕೆಳಗೆ ಬರುವುದಿಲ್ಲ. ಮಣ್ಣಿನೊಳಗಿನ ಕಾಯಿ ಆವಿ ಬಿಡದ ಕಾರಣ ಅದರ ಪಾಲು ಅದಕ್ಕೆ ಸಿಗದು. ತನ್ನ ಸಿಪ್ಪೆಯ ಮೂಲಕ ಸುತ್ತಲ ಮಣ್ಣಿನಿಂದಲೇ ಹೀರಿಕೊಳ್ಳಬೇಕು. ಹಾಗಾಗಿ ಮಣ್ಣು ಏರಿಸುವಾಗಲೇ ಸುಣ್ಣದ ಅಂಶವಿರುವ ಜಿಪ್ಸಂ ಎಕರೆಗೆ 200 ಕಿಲೋ ಸಾಲಿನ ಪಕ್ಕ, ಬುಡದ ಹತ್ತಿರ ಉದುರಿಸಿ ಮುಚ್ಚಿ. ಹೊಲವೆಲ್ಲ ಎರಚಿದರೆ ಕಾಯಿ ಇರುವ ಜಾಗಕ್ಕೆ ಸಿಗುವುದು ಕಡಿಮೆ. ಆ ಹೊತ್ತಿನಲ್ಲಿ ಬುಡಕ್ಕೆ ಪೊಟ್ಯಾಷ್ ಹಾಕಬೇಡಿ, ಅದು ಸುಣ್ಣಕ್ಕೆ ಅಡ್ಡ ಬರುತ್ತದೆ.

ಪ್ರಶ್ನೆ: ತೋಟದ ಅಂಚಿನ ತೆಂಗಿನ ಮರಗಳು ಪಕ್ಕದ ಹುಣಸೆ ಮರದಿಂದ ಆಚೆಗೆ ವಾಲಿವೆ. 12 ವರ್ಷದ ಮರಗಳು. ಹಗ್ಗ ಕಟ್ಟಿ ಎಳೆದರೆ ನೆಟ್ಟಗಾಗುತ್ತವೆಯೇ?
– ತೆಂಗು ಬೆಳೆಗಾರರು, ತಿಪಟೂರು

ಉತ್ತರ: ಎಳೆಯಬೇಡಿ. ಬೇರು ಕಿತ್ತು ಮರವೇ ಹಾಳಾದೀತು.

ಮಾವು, ಹುಣಸೆ ವಾಲಿದರೆ ವರ್ಷವರ್ಷ ಹೊಸ ಕಟ್ಟಿಗೆ ಕಟ್ಟುತ್ತವೆ. ಮೇಲ್ಮಗ್ಗುಲಲ್ಲಿ ಬಿಗಿಯುವಂಥ ಕಟ್ಟಿಗೆ ಹೆಚ್ಚಾಗಿ ಸೇರಿ ಕೊಂಬೆಯನ್ನು ಮೆಲ್ಲಗೆ ಮೇಲಕ್ಕೆ ಎಳೆಯುತ್ತದೆ. ತೆಂಗಿಗೆ ಹಾಗೆ ಸುತ್ತಲೂ ದಪ್ಪವಾಗುವ ಪದರವೇ ಇಲ್ಲ. ಅದರ ಬೆಳವಣಿಗೆಯೆಲ್ಲ ತಲೆಯ ಸುಳಿಯೊಂದರಲ್ಲೇ. ನೆರಳಿಗೆ ಬೆನ್ನು ಮಾಡಿ ಸುಳಿ ಬೆಳಕಿನ ಕಡೆ ಸರಿಯುತ್ತಾ ಹೋಯಿತು, ಹಿಂದೆ ಬಿಟ್ಟ ಕಾಂಡ ಹಾಗೆಯೇ ಗಟ್ಟಿಯಾಯಿತು. ಹುಣಸೆಯ ಕೊಂಬೆ ಇಳಿಸಿದರೆ ಇನ್ನು ಮುಂದೆ ಸುಳಿ ನೆಟ್ಟಗೆ ಏಳುತ್ತದೆ, ಮರಕ್ಕೆ ಬಿಲ್ಲಿನ ಆಕಾರ ಬರುತ್ತದೆ. ವಾಲಿದ ಮಾತ್ರಕ್ಕೆ ಇಳುವರಿ ಕಡಿಮೆಯಾಗುವುದಿಲ್ಲ. ಮನೆ, ದನದ ಕೊಟ್ಟಿಗೆ, ದಾರಿಯ ಮೇಲೆ ವಾಲಿದ್ದರೆ ಮಾತ್ರ ಯೋಚಿಸಬೇಕು.

ಸರಿಪಡಿಸುವ ಕಾಲ ಸಸಿಯ ಮೊದಲ ಎರಡು ಮೂರು ವರ್ಷ. ಮಳೆ ಬಿದ್ದು ಮಣ್ಣು ಮೆತ್ತಗಾದಾಗ, ವಾಲಿದ ದಿಕ್ಕಿಗೆ ಎದುರಿನ ಮಗ್ಗುಲಲ್ಲಿ ಬುಡದ ಮಣ್ಣು ಸಡಿಲಿಸಿ, ಗೋಣಿಚೀಲ ಸುತ್ತಿ ಹಗ್ಗ ಕಟ್ಟಿ, ವಾರಕ್ಕೆ ಸ್ವಲ್ಪ ಸ್ವಲ್ಪವೇ ಎಳೆದು ಗೂಟಕ್ಕೆ ಬಿಗಿಯಿರಿ. ಆಮೇಲೆ ಮಣ್ಣು ತುಂಬಿ ತುಳಿಯಿರಿ. ಹೊಸದಾಗಿ ನೆಡುವವರು 3 ಅಡಿ ಗುಣಿಯ ತಳದಲ್ಲಿ ನೆಟ್ಟು, ಕಾಂಡ ಕಾಣಿಸಿಕೊಂಡಂತೆ ವರ್ಷವರ್ಷ ಮಣ್ಣು ತುಂಬುತ್ತಾ ಬರಬೇಕು. ಮರದಿಂದ ಮರಕ್ಕೆ 27ರಿಂದ 30 ಅಡಿ ಬಿಡಿ. ದೊಡ್ಡ ಬೇಲಿಮರಗಳಿಂದಲೂ ಅಷ್ಟೇ ದೂರವಿರಲಿ.

ಪ್ರಶ್ನೆ: ಹಾಗಲ ಬಳ್ಳಿಗೆ ಪ್ಲಾಸ್ಟಿಕ್ ದಾರ ಇಳಿಬಿಟ್ಟಿದ್ದೇವೆ. ಬಳ್ಳಿ ಹಿಡಿದುಕೊಳ್ಳದೆ ಗಾಳಿಗೆ ಜಾರಿ ಬೀಳುತ್ತಿದೆ.
– ಓದುಗರು, ಶಿಡ್ಲಘಟ್ಟ

ಉತ್ತರ: ಹಾಗಲದ ಕುಡಿಬಳ್ಳಿ (ಆಸರೆ ಹಿಡಿಯಲು ಬಳ್ಳಿ ಬಿಡುವ ದಾರದಂಥ ಎಳೆ) ತಾಕಿದ್ದನ್ನು ತಡಕಿ ಗುರುತಿಸುತ್ತದೆ. ಒರಟು ವಸ್ತು ಉಜ್ಜಿದರೆ ಕೆಲವೇ ನಿಮಿಷದಲ್ಲಿ ತಾಕದ ಮಗ್ಗುಲು ಬೇಗ ಬೆಳೆದು ಕುಡಿ ಸುತ್ತಿಕೊಳ್ಳತೊಡಗುತ್ತದೆ. ಮಳೆಹನಿ ಬಿದ್ದರೆ ಸುತ್ತುವುದಿಲ್ಲ. ಇದನ್ನು ಚಾರ್ಲ್ಸ್ ಡಾರ್ವಿನ್ 1865ರಷ್ಟು ಹಿಂದೆಯೇ ಗಮನಿಸಿದ್ದರು. ನುಣುಪಾದ ಪ್ಲಾಸ್ಟಿಕ್ ಮೇಲೆ ಜಾರುವ ಕುಡಿಗೆ ಹಿಡಿತ ಸಿಗದು. ತುಂಬ ದಪ್ಪದ ಗಳುವನ್ನೂ ಅದು ತಬ್ಬಲಾರದು. ಸಣಬಿನ ಹುರಿ ಅಥವಾ ತೆಂಗಿನ ನಾರಿನ ಹಗ್ಗ, ಪೆನ್ಸಿಲ್ಲಿಗಿಂತ ತೆಳುವಾದದ್ದು, ಕಟ್ಟಿ. ಮೇಲೆ ಕೆಳಗೆ ಎರಡೂ ತುದಿ ಬಿಗಿಯಾಗಿರಲಿ. ತೂಗಾಡುವ ದಾರದಲ್ಲಿ ಕುಡಿ ಹಿಡಿಯುವಷ್ಟರಲ್ಲಿ ದಾರ ದೂರ ಹೋಗಿರುತ್ತದೆ.

ಹಿಡಿತ ಸಿಗದ ಕುಡಿ ಕೆಲವು ದಿನದಲ್ಲಿ ತನ್ನಷ್ಟಕ್ಕೆ ಸುರುಳಿಯಾಗಿ ಒಣಗುತ್ತದೆ. ಆಮೇಲೆ ಹೊಸ ದಾರ ಕಟ್ಟಿದರೂ ಅದು ಹಿಡಿಯದು. ಆದ್ದರಿಂದ ಬಳ್ಳಿಗೆ ಐದಾರು ಎಲೆ ಬರುವ ಮೊದಲೇ ಹುರಿ ಸಿದ್ಧವಿರಬೇಕು. ಈಗ ಬಿದ್ದಿರುವ ಬಳ್ಳಿಯನ್ನು ಬಾಳೆನಾರಿನಿಂದ ಸಡಿಲವಾಗಿ ಎರಡು ಮೂರು ಕಡೆ ಕಟ್ಟಿ ಎತ್ತಿ, ತುದಿಯ ಹೊಸ ಕುಡಿಗಳು ಮುಂದಿನ ಕೆಲಸ ನೋಡಿಕೊಳ್ಳುತ್ತವೆ. ಚಪ್ಪರ ಮುಟ್ಟುವ ತನಕ ಪಕ್ಕದ ಚಿಗುರುಗಳನ್ನು ಚಿವುಟಿ. ಹಿಡಿದ ಕುಡಿಯನ್ನು ಹತ್ತಿರದಿಂದ ನೋಡಿ: ಅರ್ಧದವರೆಗೆ ಒಂದು ಕಡೆಗೆ, ಉಳಿದರ್ಧ ಎದುರು ಕಡೆಗೆ ಸುತ್ತಿ ಸ್ಪ್ರಿಂಗಿನಂತಾಗಿರುತ್ತದೆ. ಗಾಳಿಗೆ ಬಳ್ಳಿ ಎಳೆದಾಗ ಹರಿಯದೆ ಹಿಗ್ಗಿ ಕುಗ್ಗುವುದು ಅದರಿಂದಲೇ.

ಪ್ರಶ್ನೆ: ಸೂರ್ಯಕಾಂತಿ ಸೂರ್ಯನನ್ನೇ ನೋಡುತ್ತದೆ ಎನ್ನುತ್ತಾರೆ. ನಮ್ಮ ಹೊಲದಲ್ಲಿ ಸಂಜೆಯೂ ಎಲ್ಲ ಹೂ ಪೂರ್ವಕ್ಕೇ ಮುಖ ಮಾಡಿವೆ.
– ಓದುಗರು, ಗೌರಿಬಿದನೂರು

ಉತ್ತರ: ಸೂರ್ಯನ ಹಿಂದೆ ತಿರುಗುವುದು ಎಳೆ ಗಿಡ ಮತ್ತು ಮೊಗ್ಗು ಮಾತ್ರ. ಹಗಲು ಕಾಂಡದ ಪೂರ್ವ ಮಗ್ಗುಲು, ರಾತ್ರಿ ಪಶ್ಚಿಮ ಮಗ್ಗುಲು ಹೆಚ್ಚು ಬೆಳೆಯುವುದರಿಂದ ತಲೆ ಆ ಕಡೆ ಈ ಕಡೆ ಹೊರಳುತ್ತದೆ. ಹೂ ಅರಳಿ ಕಾಂಡದ ಬೆಳವಣಿಗೆ ನಿಂತ ಮೇಲೆ ಪೂರ್ವಕ್ಕೇ ನಿಲ್ಲುತ್ತದೆ. ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾದ ಹೂವಿಗೆ ಜೇನುಹುಳು ಹೆಚ್ಚು ಬರುತ್ತವೆ ಎಂದು 2016ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ಹೂವಿನ ಕಾಲದಲ್ಲಿ ಬೆಳಗಿನ ಹೊತ್ತು ಔಷಧಿ ಹೊಡೆಯಬೇಡಿ, ಕಾಳು ಕಟ್ಟುವುದು ಆ ಹುಳುಗಳಿಂದ.

ಪ್ರಶ್ನೆ: ಬೇರು ಕೆಳಕ್ಕೆ, ಕಾಂಡ ಬೆಳಕಿನ ಕಡೆಗೆ ಎಂಬುದನ್ನು ಮಕ್ಕಳಿಗೆ ಒಂದೆರಡು ದಿನದಲ್ಲಿ ಮಾಡಿ ತೋರಿಸಬೇಕು. ಕುಂಡದಲ್ಲಿ ಮಾಡಿದ್ದು ಬೇಗ ಕಾಣಲಿಲ್ಲ. ಸುಲಭವಾದ ದಾರಿ ತಿಳಿಸಿ.
– ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಮಧುಗಿರಿ

ಉತ್ತರ: ಮೇಡಂ, ಕುಂಡ ಬಿಟ್ಟು ಗಾಜು ಹಿಡಿಯಿರಿ. ಹುರುಳಿ ಅಥವಾ ಹೆಸರುಕಾಳನ್ನು 8 ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದು ದಿನ ಕಟ್ಟಿಡಿ. ಬೇರು ಒಂದು ಸೆಂಟಿಮೀಟರ್ ನೆಟ್ಟಗೆ ಬಂದ ಕಾಳುಗಳನ್ನು ಆರಿಸಿ. ನೋಟ್‌ಬುಕ್ ಅಳತೆಯ ಎರಡು ಗಾಜಿನ ನಡುವೆ ತೆಳುವಾಗಿ ಹತ್ತಿ, ಅದರ ಮೇಲೆ ಒದ್ದೆ ಮಾಡಿದ ಒತ್ತುಕಾಗದ ಇಟ್ಟು, ಕಾಳುಗಳನ್ನು ಬೇರು ಕೆಳಗಾಗುವಂತೆ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ. ನೀರು ತೊಟ್ಟಿಕ್ಕುವಷ್ಟು ಒದ್ದೆಯಾದರೆ ಕಾಳು ಕೊಳೆಯುತ್ತದೆ. ಒಂದು ಸೆಂಟಿಮೀಟರ್ ನೀರಿರುವ ತಟ್ಟೆಯಲ್ಲಿ ನಿಲ್ಲಿಸಿ ಬೀರುವಿನ ಕತ್ತಲಲ್ಲಿಡಿ. ಕತ್ತಲು ಮುಖ್ಯ, ಇಲ್ಲದಿದ್ದರೆ ಬೆಳಕಿನ ಎಳೆತವೂ ಸೇರಿ ಮಕ್ಕಳಿಗೆ ಗೊಂದಲವಾಗುತ್ತದೆ.

ಮರುದಿನ ಬೆಳಿಗ್ಗೆ ಮೊದಲ ಪೀರಿಯಡ್ಡಿನಲ್ಲಿ ಗಾಜನ್ನು ಕಾಲು ಸುತ್ತು ತಿರುಗಿಸಿ ನಿಲ್ಲಿಸಿ. ಮಧ್ಯಾಹ್ನದ ಊಟದ ಹೊತ್ತಿಗೆ ಬೇರಿನ ತುದಿ ಕೆಳಗೆ ಬಾಗಲು ಶುರುವಾಗಿರುತ್ತದೆ, ಮಾರನೆಯ ದಿನ ಸ್ಪಷ್ಟ ಮೂಲೆ ಕಾಣುತ್ತದೆ. ಎರಡು ಕಾಳುಗಳ ಬೇರಿನ ತುದಿಯನ್ನು ತಿರುಗಿಸುವ ಮೊದಲು ಬ್ಲೇಡಿನಿಂದ ಒಂದು ಮಿಲಿಮೀಟರ್ ಕತ್ತರಿಸಿಡಿ. ಅವು ಬೆಳೆದರೂ ಮೊದಲ ದಿನ ಬಾಗುವುದಿಲ್ಲ. ತುದಿಯ ಟೋಪಿಯಂಥ ಭಾಗದ ಜೀವಕೋಶಗಳಲ್ಲಿ ಭಾರವಾದ ಪಿಷ್ಟದ ಕಣಗಳಿವೆ. ಬೇರು ಅಡ್ಡವಾದಾಗ ಅವು ಕೆಳಮಗ್ಗುಲಿಗೆ ಇಳಿಯುತ್ತವೆ, ಆಕ್ಸಿನ್ ಎಂಬ ಹಾರ್ಮೋನೂ ಆ ಕಡೆ ಹೆಚ್ಚು ಸೇರುತ್ತದೆ. ಬೇರಿನಲ್ಲಿ ಹೆಚ್ಚಾದ ಆಕ್ಸಿನ್ ಬೆಳವಣಿಗೆಯನ್ನು ತಡೆಯುವುದರಿಂದ ಕೆಳಮಗ್ಗುಲು ಹಿಂದುಳಿದು ಬೇರು ಕೆಳಗೆ ಬಾಗುತ್ತದೆ. ಕಾಂಡದಲ್ಲಿ ಅದೇ ಆಕ್ಸಿನ್ ಬೆಳವಣಿಗೆ ಹೆಚ್ಚಿಸುವುದರಿಂದ ಕಾಂಡ ಮೇಲಕ್ಕೆ ಏಳುತ್ತದೆ. ಒಂದೇ ಹಾರ್ಮೋನು ಎರಡು ಕಡೆ ಎರಡು ಬಗೆ ಎನ್ನುವಲ್ಲೇ ಮಕ್ಕಳು ಪರೀಕ್ಷೆಯಲ್ಲಿ ತಪ್ಪುವುದು. ಇಲ್ಲಿ ಇನ್ನೊಂದು ಹತ್ತು ನಿಮಿಷ ಹೆಚ್ಚು ಕೊಡಿ.

ಬೆಳಕಿಗೆ ಮುಸುಕಿನ ಜೋಳದ ಮೊಳಕೆ ಒಳ್ಳೆಯದು. ಕತ್ತಲಲ್ಲಿ ಬೆಳೆಸಿ, ಮೊಳಕೆಯ ಹೊದಿಕೆ ಎರಡು ಸೆಂಟಿಮೀಟರ್ ಇರುವಾಗ, ಅದನ್ನು ಸೀಳಿ ಎಲೆ ಹೊರಬರುವ ಮೊದಲೇ ಪ್ರಯೋಗಕ್ಕೆ ಇಳಿಸಬೇಕು. ಮೂರು ಮೊಳಕೆಯ ತುದಿಗೆ ಅರ್ಧ ಸೆಂಟಿಮೀಟರ್ ಅಲ್ಯೂಮಿನಿಯಂ ಹಾಳೆಯ ಟೋಪಿ ಹಾಕಿ, ಮೂರರ ಬುಡಕ್ಕೆ ಅದೇ ಹಾಳೆ ಸುತ್ತಿ, ಮೂರನ್ನು ಹಾಗೇ ಬಿಡಿ. ಒಂದು ಪಕ್ಕ ಮಾತ್ರ ತೂತಿರುವ ಪೆಟ್ಟಿಗೆಯಲ್ಲಿ ಕಿಟಕಿಯ ಕಡೆ ಇಡಿ. ನಾಲ್ಕು ಗಂಟೆಯಲ್ಲಿ ಟೋಪಿ ಹಾಕಿದವು ನೆಟ್ಟಗಿರುತ್ತವೆ, ಉಳಿದ ಆರು ಬಾಗಿರುತ್ತವೆ. ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ 1880ರಲ್ಲಿ ಪ್ರಕಟಿಸಿದ ಪ್ರಯೋಗದ ತಿರುಳು ಇದೇ. ಇನ್ನೊಂದು ಪೆಟ್ಟಿಗೆಯ ತೂತಿಗೆ ಕೆಂಪು ಬಣ್ಣದ ಪಾರದರ್ಶಕ ಹಾಳೆ, ಮತ್ತೊಂದಕ್ಕೆ ನೀಲಿ ಹಾಳೆ ಅಂಟಿಸಿ. ನೀಲಿಯಲ್ಲಿ ಬಾಗುತ್ತದೆ, ಕೆಂಪಿನಲ್ಲಿ ಬಾಗುವುದಿಲ್ಲ. ಅಂಗಡಿಯ ತೆಳು ಹಾಳೆ ಎರಡು ಮೂರು ಪದರ ಹಾಕದಿದ್ದರೆ ಬೇರೆ ಬಣ್ಣವೂ ನುಸುಳಿ ಕೆಂಪು ಪೆಟ್ಟಿಗೆಯಲ್ಲೂ ತುಸು ಬಾಗಬಹುದು, ಮೊದಲೇ ಒಮ್ಮೆ ಮಾಡಿ ನೋಡಿಕೊಳ್ಳಿ.